ನಗರಸಭೆ ಮೈದಾನದ ಕ್ಲಬ್‌ನಲ್ಲಿ ಆಟಗಾರರ ಮೇಲಿನ ಕಿರುಕುಳ ನಿಲ್ಲಿಸಿ: ನಿವಾಸಿಗಳ ಮನವಿ ಪತ್ರ

ಗೆ,
ಪೌರಾಯುಕ್ತರು,
ನಗರಸಭೆ

ಇಂದ,
ಮೈದಾನದ ಸುತ್ತಲಿನ ಬಡಾವಣೆಗಳ ನಿವಾಸಿಗಳು ಮತ್ತು ಆಟಗಾರರ ಪೋಷಕರು

ವಿಷಯ: ಕ್ಲಬ್‌ನಲ್ಲಿ ಮಕ್ಕಳು ಮತ್ತು ಮಹಿಳಾ ಆಟಗಾರರ ಮೇಲಿನ ಕಿರುಕುಳ ತಡೆಯುವ ಬಗ್ಗೆ. ಹಿಂದಿನ ಯಾವ ಪತ್ರಕ್ಕೂ ಉತ್ತರ ಬಾರದ ಬಗ್ಗೆ.

ಮಾನ್ಯರೇ,

ವಿಷಯ ನಿಮಗೆ ಗೊತ್ತೇ ಇದೆ. ಮೈದಾನ ನಿಮ್ಮದು. ಕ್ಲಬ್‌ಗೆ ಅನುಮತಿ ಕೊಟ್ಟವರು ನೀವು, ಅದನ್ನು ನವೀಕರಿಸುವವರೂ ನೀವೇ. ಹಾಗಾಗಿ ‘ಅದು ಕ್ಲಬ್‌ನ ಒಳಗಿನ ವಿಚಾರ’ ಅನ್ನುವ ಮಾತನ್ನು ಈ ಸಲ ಒಪ್ಪುವುದಿಲ್ಲ.

ಕ್ಲಬ್‌ನ ತರಬೇತುದಾರರು ಆಟಗಾರರನ್ನು ಬಾಯಿಗೆ ಬಂದಂತೆ ಬೈಯುವುದು, ಮೈಕಟ್ಟಿನ ಬಗ್ಗೆ ಎಲ್ಲರ ಮುಂದೆ ಹೀಯಾಳಿಸುವುದು, ಸೋತವರನ್ನು ನೀರು ಕೊಡದೆ ಬಿಸಿಲಲ್ಲಿ ಓಡಿಸುವುದು, ರಾತ್ರಿ ಹೊತ್ತು ಹುಡುಗಿಯರ ಫೋನಿಗೆ ಮೆಸೇಜ್ ಕಳಿಸುವುದು. ಇಷ್ಟೂ ನಮ್ಮ ಮೊದಲ ಪತ್ರದಲ್ಲೇ ಇತ್ತು. ಮುದ್ರೆ ಒತ್ತಿ ಸ್ವೀಕೃತಿ ಕೊಟ್ಟಿರಿ, ಅಷ್ಟೇ. ಕೇಳಲು ಬಂದರೆ ಕಡತ ಕಂದಾಯ ಶಾಖೆಯಲ್ಲಿದೆ ಅಂದರು. ಅಲ್ಲಿಯವರು ಕ್ರೀಡಾ ಇಲಾಖೆಗೆ ಹೋಗಿ ಅಂದರು. ಕ್ರೀಡಾ ಇಲಾಖೆಯವರು ಮೈದಾನ ನಮ್ಮದಲ್ಲ ಅಂದರು. ಮತ್ತೆ ಬರೆದೆವು. ವಾರ್ಡ್ ಸಭೆಯಲ್ಲಿ ಎದ್ದು ನಿಂತು ಹೇಳಿದೆವು. ‘ನೋಡೋಣ’ ಅಂದಿರಿ. ಏನು ನೋಡಿದಿರಿ?

ಇದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ನಮ್ಮ ಹೆಸರು, ಸಹಿ ಇದ್ದ ದೂರಿನ ಪ್ರತಿ ನಿಮ್ಮ ಕಚೇರಿಯಿಂದ ನೇರವಾಗಿ ಕ್ಲಬ್‌ನವರ ಕೈ ಸೇರಿತು. ಸ್ವಲ್ಪ ದಿನದಲ್ಲೇ ಆ ಮನೆಗಳ ಮಕ್ಕಳನ್ನು ತಂಡದಿಂದ ಕೈಬಿಟ್ಟರು. ಯಾರ ಮೇಲೆ ದೂರೋ ಅವರಿಗೇ ದೂರನ್ನು ಒಪ್ಪಿಸುವುದು ಯಾವ ನಿಯಮ ಸ್ವಾಮಿ? ಈಗ ಉಳಿದ ಪೋಷಕರು ಬಾಯಿ ಬಿಡಲು ಹೆದರುತ್ತಾರೆ. ಹೇಳಿದ್ದೇ ತಪ್ಪಾಯಿತು ಅಂತ ಮಕ್ಕಳು ಅಂದುಕೊಂಡಿದ್ದಾರೆ.

ಆಟದಲ್ಲಿ ಮೈ ಮುಟ್ಟಿ ಭಂಗಿ ತಿದ್ದುವುದು ಇರುತ್ತದೆ, ಹೊರಗಿನ ಪಂದ್ಯಗಳಿಗೆ ಹೋಗಿ ಉಳಿಯುವುದು ಇರುತ್ತದೆ. ತಂಡಕ್ಕೆ ಯಾರು ಅನ್ನುವುದು ಒಬ್ಬರ ಕೈಯಲ್ಲೇ ಇರುತ್ತದೆ. ಅದಕ್ಕೇ ಇಲ್ಲಿ ಕಣ್ಣಿಡುವವರು ಬೇಕು. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್ ಚಿಕಿತ್ಸೆಯ ನೆಪದಲ್ಲಿ ಲೈಂಗಿಕ ದೌರ್ಜನ್ಯ ಮಾಡುತ್ತಾನೆ ಅಂತ ಹುಡುಗಿಯರು ವರ್ಷಗಟ್ಟಲೆ ಮೊದಲೇ ಹೇಳಿದ್ದರು. ದೊಡ್ಡವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 2018ರಲ್ಲಿ ಶಿಕ್ಷೆಯಾಗುವಾಗ ನೊಂದವರು ನೂರಾರು ಜನ.

ಕಾನೂನು ಇಲ್ಲ ಅಂತಲೂ ಹೇಳುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಹುಡುಗರಿಗೂ ಹುಡುಗಿಯರಿಗೂ ಅನ್ವಯಿಸುತ್ತದೆ. ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಅದೇ ಒಂದು ಅಪರಾಧ. ತನ್ನ ಕೈಕೆಳಗಿನವರ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕ್ರೀಡಾಂಗಣವನ್ನೂ ಕೆಲಸದ ಸ್ಥಳ ಅಂತಲೇ ಎಣಿಸುತ್ತದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಆ ಸಮಿತಿಯ ವಿಳಾಸದ ಒಂದು ಬೋರ್ಡ್ ಕೂಡ ಮೈದಾನದಲ್ಲಿಲ್ಲ. ಪೊಲೀಸರಿಗೆ ಕೊಡಬೇಕಾದ ದೂರನ್ನು ಕೊಡಬೇಕಾದವರು ಕೊಟ್ಟಿದ್ದಾರೆ. ನಾವು ಕೇಳುತ್ತಿರುವುದು ನಿಮ್ಮ ಪಾಲಿನ ಕೆಲಸ.

ಅದರಲ್ಲೂ ಸಣ್ಣಪುಟ್ಟದ್ದೇ ಆಗಿಲ್ಲ. ಹುಡುಗಿಯರ ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಇಲ್ಲ. ಶೌಚಾಲಯದಲ್ಲಿ ನೀರಿಲ್ಲ. ಹಿಂದಿನ ಗೇಟಿನ ದೀಪ ಕೆಟ್ಟು ಎಷ್ಟು ಕಾಲವಾಯಿತೋ! ಸಿಸಿಟಿವಿ ಸುಮ್ನೆ ಗೋಡೆಗೆ ನೇತಾಡುತ್ತಿದೆ. ಶುಲ್ಕಕ್ಕೆ ರಸೀದಿ ಕೊಡುವುದಿಲ್ಲ, ಕೇಳಿದರೆ ಮಗನನ್ನು ಕರೆದುಕೊಂಡು ಹೋಗಿ ಅನ್ನುತ್ತಾರೆ.

ತನಿಖೆ ಮುಗಿಯುವವರೆಗೆ ಆ ತರಬೇತುದಾರರನ್ನು ಮೈದಾನದಿಂದ ದೂರ ಇಡಿ. ಕೈಬಿಟ್ಟ ಮಕ್ಕಳನ್ನು ಮತ್ತೆ ತಂಡದ ಆಯ್ಕೆಗೆ ಕರೆಸಿ. ಹಿನ್ನೆಲೆ ಪರಿಶೀಲಿಸದೆ ಯಾರಿಗೂ ತರಬೇತಿ ಕೊಡಲು ಬಿಡಬೇಡಿ, ಇದನ್ನು ಅನುಮತಿಯ ಷರತ್ತಿನಲ್ಲೇ ಸೇರಿಸಿ. ದೂರು ಕೇಳುವವರು ಕ್ಲಬ್‌ಗೆ ಸಂಬಂಧವಿಲ್ಲದವರಾಗಿರಲಿ. ಮಕ್ಕಳ ಸಹಾಯವಾಣಿ 1098 ಎದ್ದು ಕಾಣುವಂತೆ ಬರೆಸಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ, ಅಲ್ವಾ?

15 ದಿನದೊಳಗೆ ಲಿಖಿತ ಉತ್ತರ ಬೇಕು. ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಕೊಟ್ಟಿದ್ದೇವೆ. ಸಹಿಗಳ ಹಾಳೆ ಮುಚ್ಚಿದ ಲಕೋಟೆಯಲ್ಲಿದೆ. ಅದು ಮತ್ತೆ ಕ್ಲಬ್‌ನವರ ಕೈಗೆ ಹೋದರೆ ನಿಮ್ಮ ಕಚೇರಿಯೇ ಹೊಣೆ.

ಇಂತಿ,
ನಿವಾಸಿಗಳು ಮತ್ತು ಪೋಷಕರು