ಸೆನ್ಸರ್ ಬಂದ್ರೆ ನಾನ್ಯಾಕೆ ಅಂತ ಕೇಳ್ದೆಯಲ್ಲ ಪುಟ್ಟಾ

ಪುಟ್ಟಾ,

ನಿನ್ ಮೆಸೇಜು ಮೊನ್ನೆ ರಾತ್ರಿನೇ ಓದ್ದೆ, ಉತ್ತರ ಬರಿಯೋಕೆ ಇವತ್ತಾಯ್ತು. ಮನೆ ಸುದ್ದಿ ಎಲ್ಲ ನಿಮ್ಮಮ್ಮ ಹೇಳೇ ಇರ್ತಾಳೆ, ಅದು ಬಿಡು. ಅಷ್ಟುದ್ದ ಬರ್ದಿದೀಯ, ನನ್ನ ತಲೇಲಿ ಕೂತಿರೋದು ಮಾತ್ರ ಒಂದೇ ಸಾಲು. "ಎಲ್ಲ ಕ್ಲಾಸ್‌ಗೂ ಸೆನ್ಸರ್ ಹಾಕಿಸ್ತಾರಂತೆ ಮಾವ, ಲೈಟು ಫ್ಯಾನು ತಾನಾಗೇ ಆರೋದಾದ್ರೆ ನಾನ್ಯಾಕೆ ಬೇಕು ಅವ್ರಿಗೆ." ಹಂಗೇನೂ ಆಗಲ್ಲ ಕಣೋ ಧೈರ್ಯವಾಗಿರು ಅಂತ ಟೈಪ್ ಮಾಡ್ದೆ, ಆಮೇಲೆ ಅಳಿಸ್ದೆ. ಆಗಲ್ಲ ಅಂತ ನಂಗೇನು ಗೊತ್ತು ಹೇಳು. ನಾನು ಶಾಲೇಲಿ ಪರ್ಮನೆಂಟ್ ಆಗಿದ್ದೋನು, ನೀನು ಏಜೆನ್ಸಿ ಕಡೆಯಿಂದ ಶಾಲೆ ಕೇರ್‌ಟೇಕರ್ ಆಗಿ ಹೋಗಿರೋನು, ಪೆನ್ಷನ್ ತಿನ್ಕೊಂಡು ಕೂತು ನಿಂಗೆ ಧೈರ್ಯ ಹೇಳೋಕೆ ನಾಚಿಕೆ ಆಯ್ತು.

ಸೆನ್ಸರ್ ವಿಚಾರ ನಮ್ಮ ಬೀದಿಲಿರೋ ವೈರಿಂಗ್ ಹುಡುಗನ್ನ ಕೇಳ್ದೆ. ರೂಮಲ್ಲಿ ಯಾರಾದ್ರೂ ಅಲ್ಲಾಡಿದ್ರೆ ಹತ್ತುತ್ತೆ, ಒಂದಷ್ಟು ಹೊತ್ತು ಯಾರೂ ಅಲ್ಲಾಡ್ಲಿಲ್ಲ ಅಂದ್ರೆ ಆರುತ್ತೆ, ಅಷ್ಟೇ ಅದರ ಬುದ್ಧಿ ಅಂದ. ಮಕ್ಕಳು ಟೆಸ್ಟ್ ಬರೀವಾಗ ತಲೆ ಬಗ್ಸಿ ಕೂತ್ರೆ ಒಂದೊಂದ್ಸಲ ಲೈಟೇ ಆರೋಗುತ್ತಂತೆ, ಮೇಷ್ಟ್ರು ಎದ್ದು ಕೈ ಬೀಸ್ಬೇಕಂತೆ, ನಗು ಬಂತು ನಂಗೆ. ಆದ್ರೆ ಪೈಪಿನ ತುದಿಲಿ ನೀರು ಹಿಡಿದಿಡೋ ಫುಟ್‌ವಾಲ್ವ್ ಲೀಕಾಗಿ ಸಂಪಿನ ಮೋಟ್ರು ನೀರಿಲ್ದೆ ಬರೀ ತಿರುಗ್ತಿದ್ರೆ ಅದರ ಸದ್ದೇ ಬೇರೆ ಇರುತ್ತಲ್ಲ, ವಾಟರ್ ಕೂಲರ್ ಹಿಂದೆ ಧೂಳು ಕಟ್ಕೊಂಡು ಕಂಪ್ರೆಸರ್ ನಿಲ್ದೆ ಹೊಡ್ಕೋತಿರುತ್ತಲ್ಲ, ಕಿಟಕಿಗೆ ಅಡ್ಡ ಬೀರು ಇಟ್ಟು ಮಟಮಟ ಮಧ್ಯಾಹ್ನ ಲೈಬ್ರರಿಲಿ ಟ್ಯೂಬ್ ಹಾಕಿರ್ತಾರಲ್ಲ, ಇದ್ಯಾವ್ದೂ ಆ ಡಬ್ಬಿಗೆ ಗೊತ್ತಾಗಲ್ಲ. ಅದು ನಿನ್ನ ಕಣ್ಣು ಕಿವಿ ಕೆಲಸ. ಇದು ನಂಗೆ ಗೊತ್ತು, ನಿಂಗೆ ಗೊತ್ತು, ನಿಮ್ಮ ಸೆಕ್ರೆಟರಿಗೆ ಗೊತ್ತಾ? ಅಲ್ಲೇ ಬಂತು ನೋಡು ನಿನ್ನ ಭಯ ಮತ್ತೆ.

ನಮ್ ಕಾಲದಲ್ಲಿ ಕೇರ್‌ಟೇಕರ್ ಅನ್ನೋ ಹೆಸರಿರ್ಲಿಲ್ಲ, ಜವಾನ ಅಷ್ಟೇ. ಆಗಿನ ಟ್ಯೂಬ್‌ಲೈಟು 40 ವ್ಯಾಟು, ಮೇಲೆ ಆ ದಪ್ಪ ಚೋಕ್ ಬೇರೆ ಹತ್ತು ಹನ್ನೆರಡು ತಿನ್ನೋದು, ಚೋಕ್ ಮೇಲೆ ಕೈ ಇಟ್ರೆ ಬಿಸಿ ಬಿಸಿ, ಆ ಬಿಸಿ ಎಲ್ಲ ಬಿಲ್ಲಿನ ದುಡ್ಡೇ. 2015ರಲ್ಲಿ ಹೊಸ ಬೆಳಕು ಅನ್ನೋ ಸರ್ಕಾರಿ ಯೋಜನೇಲಿ ಮನೆಗಳಿಗೆ ಎಲ್‌ಇಡಿ ಬಲ್ಬ್ ಕೊಟ್ರಲ್ಲ, ಅದಾದ್ಮೇಲೆ ನಮ್ ಶಾಲೆಗೂ ಒಂದೊಂದೇ ಬಂತು, 20 ವ್ಯಾಟಿನ ಪಟ್ಟಿ. ಏಣಿ ಹತ್ತಿ ಹಾಕಿದ್ದು ನಾನೇ, ಫೋಟೋದಲ್ಲಿ ನಿಂತಿದ್ದು ಕಮಿಟಿಯೋರು. ಡಿಸೆಂಬರ್ 14 ಇಂಧನ ಉಳಿತಾಯದ ದಿನ ಅಂತ ಮಕ್ಕಳು ಬೋರ್ಡ್ ಹಿಡ್ಕೊಂಡು ಬೀದಿ ಸುತ್ತೋರು, ಅಷ್ಟೊತ್ತೂ ಖಾಲಿ ಹಾಲಲ್ಲಿ ಎಂಟು ಫ್ಯಾನು ಓಡ್ತಿರೋವು. ನಾನು ಹೋಗಿ ಆಫ್ ಮಾಡೋದು, ವಾಪಸ್ ಬಂದೋರು "ಯಾರೋ ಅದು ಆಫ್ ಮಾಡಿದ್ದು" ಅಂತ ನನ್ನೇ ಬೈಯೋದು. ಇರ್ಲಿ ಬಿಡು.

ನಿನ್ ಸಾಲು ಓದ್ದಾಗ ನಂಗೆ ನೆನಪಾಗಿದ್ದು ಬೇರೆ ವಿಚಾರ. ಯಾರ ಹತ್ರನೂ ಹೇಳಿಲ್ಲ, ನಿಮ್ಮತ್ತೆ ಹತ್ರನೂ.

ನಮ್ ಶಾಲೇಲಿ ರಾತ್ರಿ ಕಾವಲಿಗೆ ಒಬ್ಬ ಹುಡುಗ ಇದ್ದ, ನಿನ್ನ ವಯಸ್ಸಿನೋನೇ, ದಿನಗೂಲಿ. ಒಂದ್ಸಲ ಕರೆಂಟ್ ಬಿಲ್ ಇದ್ದಕ್ಕಿದ್ದಂಗೆ 200 ಯೂನಿಟ್ ಮೇಲೆ ಜಾಸ್ತಿ ಬಂತು. ಮ್ಯಾನೇಜ್‌ಮೆಂಟ್‌ನೋರು ಮೀಟರ್ ರೂಮ್ ಹುಡುಕ್ಸಿದ್ರು, ಅವ್ನ ಚೀಲದಲ್ಲಿ ಒಂದು ಕಾಯಿಲ್ ಸಿಕ್ತು, ಟೀಗೆ ನೀರು ಕಾಯಿಸ್ಕೊಳ್ಳೋ ಅಂಥದ್ದು. ಮುಗೀತು, ಇವನೇ ಕರೆಂಟ್ ತಿಂದೋನು ಅಂದ್ರು. ಆ ಕಾಯಿಲ್ 500 ವ್ಯಾಟು, ದಿನಾ ಅರ್ಧ ಗಂಟೆ ಇಟ್ರೂ ಕಾಲು ಯೂನಿಟ್, ತಿಂಗಳೆಲ್ಲ ಸೇರಿದ್ರೆ ಏಳೆಂಟು ಯೂನಿಟ್ ದಾಟಲ್ಲ. ನಿಜವಾಗ್ಲೂ ಕರೆಂಟ್ ತಿಂತಿದ್ದಿದ್ದು ಬೋರಿನ ಮೋಟ್ರು. ಹುಡುಗರ ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕಲ್ಲಿ, ತುಂಬಿದ್ಮೇಲೆ ನೀರು ನಿಲ್ಲಿಸೋ ಬಾಲ್‌ಕಾಕ್ ಕೆಟ್ಟಿತ್ತು, ರಾತ್ರಿ ಹಗಲು ಸುಯ್ಯ್ ಅಂತ ನೀರು ಹೋಗ್ತಿತ್ತು, ಮೇಲಿನ ಟ್ಯಾಂಕ್ ಖಾಲಿ ಆದಂಗೆಲ್ಲ ಆಟೋಮ್ಯಾಟಿಕ್ ಸ್ವಿಚ್ಚು ಮೋಟ್ರು ಹಾಕೋದು. 5 ಎಚ್‌ಪಿ ಮೋಟ್ರು, ಅಂದ್ರೆ 3.7 ಕಿಲೋವ್ಯಾಟು, ದಿನಕ್ಕೆ ಎರಡು ಗಂಟೆ ಜಾಸ್ತಿ ಓಡಿದ್ರೆ ಏಳು ಯೂನಿಟ್ ಮೇಲೆ, ತಿಂಗಳಿಗೆ ನೀನೇ ಲೆಕ್ಕ ಹಾಕು. ಈ ಲೆಕ್ಕ ಆಗ ನಂಗೆ ಬರ್ತಿರ್ಲಿಲ್ಲ ಅಂತ ಹೇಳ್ಬೋದಿತ್ತು. ಬರ್ತಿತ್ತು ಪುಟ್ಟಾ. ಆ ನೀರಿನ ಸದ್ದು ಒಂದು ತಿಂಗಳ ಮೇಲಿಂದ ನನ್ನ ಕಿವಿ ಮೇಲೆ ಬೀಳ್ತಿತ್ತು, ರಿಪೇರಿ ಮಾಡಿಸ್ಬೇಕಾದೋನು ನಾನು, ನಾಳೆ ನಾಳಿದ್ದು ಅಂತ ತಳ್ಳಿದ್ದೆ. ಬಾಯಿ ಬಿಟ್ರೆ ನನ್ನ ಮೈಮೇಲೆ ಬರುತ್ತೆ ಅಂತ ಸುಮ್ನಾದೆ.

ಅವ್ನನ್ನ ಶನಿವಾರ ಕಳಿಸಿದ್ರು. ಭಾನುವಾರ ನಾನೊಬ್ನೇ ಹೋಗಿ, ಯಾರಿಗೂ ಕಾಣದಂಗೆ ಹೊಸ ಬಾಲ್‌ಕಾಕ್ ಹಾಕ್ದೆ. ಮುಂದಿನ ತಿಂಗಳು ಬಿಲ್ ಇಳೀತು. ಸೆಕ್ರೆಟರಿ ಆ ಬಿಲ್ಲನ್ನ ಎಲ್ಲರಿಗೂ ತೋರಿಸಿ "ನೋಡಿದ್ರಾ, ಅವ್ನು ಹೋದ, ಬಿಲ್ಲೂ ಇಳೀತು" ಅಂದ್ರು. ನಾನು ಮಾಡಿದ ರಿಪೇರಿನೇ ಅವ್ನ ತಪ್ಪಿಗೆ ಸಾಕ್ಷಿ ಆಗೋಯ್ತು. ಆವತ್ತು ನನ್ನ ಕೈಲಿ ಟೀ ಟ್ರೇ ಇತ್ತು, ಎಲ್ಲರಿಗೂ ಕೊಟ್ಟು ಬಂದೆ.

ಅದಕ್ಕೆ ನಿನ್ನ ಭಯನ ಸುಳ್ಳು ಅನ್ನೋಕೆ ನಂಗೆ ಬಾಯಿ ಬರಲ್ಲ. ಬಿಲ್ ಏರಿದ್ರೆ ಮೊದ್ಲು ಹುಡುಕೋದು ಕೆಳಗಿನೋನ ಚೀಲನ, ಇಳಿದ್ರೆ ಹೆಸರು ಮೆಷಿನ್ನಿಗೆ. ಮಧ್ಯೆ ನೀನು ಮಾಡಿದ್ದು ಎಲ್ಲೂ ಕಾಣಲ್ಲ.

ಹೇಳ್ಬೋದೋ ಬೇಡ್ವೋ ಗೊತ್ತಿಲ್ಲ, ಮೂವತ್ತೊಂದು ವರ್ಷ ನಾನೇ ಮಾಡ್ದೆ ಇರೋದನ್ನ ನಿಂಗೆ ಹೇಳ್ತಿದೀನಿ. ಒಂದು ನೋಟ್‌ಬುಕ್ ಇಡು. ಶನಿವಾರ ಬೀಗ ಹಾಕುವಾಗ ಮೀಟರ್ ರೀಡಿಂಗ್ ಬರ್ಕೋ, ಸೋಮವಾರ ಬೀಗ ತೆಗೆದ ತಕ್ಷಣ ಇನ್ನೊಂದ್ಸಲ. ಯಾರೂ ಇಲ್ದಿರೋ ಕಟ್ಟಡ ಒಂದೂವರೆ ದಿನದಲ್ಲಿ ಎಷ್ಟು ತಿಂತು ಅಂತ ಗೊತ್ತಾದ್ರೆ ಅರ್ಧ ಕಳ್ಳರು ಸಿಕ್ಕಂಗೆ, ಕಂಪ್ಯೂಟರ್ ಲ್ಯಾಬಿನ ಯುಪಿಎಸ್ಸು, ಕೂಲರ್ರು, ಸ್ಟಾಫ್ ರೂಮಿನ ಫ್ರಿಜ್ಜು. ಏನಾದ್ರೂ ರಿಪೇರಿ ಮಾಡಿದ್ರೆ ತಾರೀಕು ಹಾಕಿ ಅದನ್ನೂ ಬರಿ, ತಿಂಗಳಿಗೊಂದ್ಸಲ ಹೆಡ್‌ಮಾಸ್ಟರ್ ಹತ್ರ ಸೈನ್ ಹಾಕಿಸ್ಕೋ, "ಸುಮ್ನೆ ನಿಮ್ ಗಮನಕ್ಕೆ ಸಾರ್" ಅಂತ. ಹಾಕ್ದೆ ಇದ್ರೂ ಬರೀತಾ ಇರು. ಸೆನ್ಸರ್ ಹಾಕಿದ ದಿನನೂ ಬರಿ, ಆಗ ಅದು ಉಳಿಸಿದ್ದೆಷ್ಟು ನೀನು ಉಳಿಸಿದ್ದೆಷ್ಟು ಅಂತ ಬೇರೆ ಬೇರೆ ಕಾಣುತ್ತೆ. ಕೆಲಸ ಉಳಿಯುತ್ತೆ ಅಂತ ಗ್ಯಾರಂಟಿ ಕೊಡ್ತಿಲ್ಲ ನಾನು.

ಇನ್ನೊಂದು, ಕಿಟಕಿ ಪಕ್ಕದ ಟ್ಯೂಬಿನ ಸ್ವಿಚ್ ಮೇಲೆ ಕೆಂಪು ಪೇಂಟಲ್ಲಿ ಒಂದು ಚುಕ್ಕೆ ಇಡು, ಬಿಸಿಲಿದ್ದಾಗ ಆ ಚುಕ್ಕೆದು ಹಾಕ್ಬೇಡಿ ಅಂತ ಮಕ್ಕಳಿಗೆ ಹೇಳು, ಮೇಷ್ಟ್ರಿಗೆ ಹೇಳೋಕೆ ಹೋಗ್ಬೇಡ, ಮಕ್ಕಳೇ ಹೇಳ್ತವೆ. ಫ್ಯಾನ್ ಸುಟ್ಟಾಗ ಹಳೇದಕ್ಕೇ ವೈಂಡಿಂಗ್ ಮಾಡಿಸ್ತಾರೆ, ಅದು 75 ವ್ಯಾಟು, ಬಿಎಲ್‌ಡಿಸಿ ಅನ್ನೋ ಕಮ್ಮಿ ಕರೆಂಟ್ ತಿನ್ನೋ ಹೊಸ ಥರದ ಫ್ಯಾನ್ ಆದ್ರೆ 30ರ ಆಸುಪಾಸು, ಬಾಯಿ ಮಾತಲ್ಲಿ ಹೇಳಿ ನೋಡು, ಕೇಳ್ದಿದ್ರೆ ಬಿಡು. ಬೇಸಿಗೆಗೆ ಮುಂಚೆ ತಾರಸಿಗೆ ಸುಣ್ಣ ಹೊಡ್ಸಿದ್ರೆ ಮೇಲಿನ ಮಹಡಿ ಕ್ಲಾಸು ಅಷ್ಟು ಕಾಯಲ್ಲ. ಇದೆಲ್ಲ ನಿಂಗೆ ಗೊತ್ತಿರ್ಬೋದು, ಮುದುಕನ ಬಾಯಿ ನಿಲ್ಲಲ್ಲ.

ಜರ್ಮನಿಲಿರೋ ನಮ್ ಹುಡುಗಿ ಫೋನಲ್ಲಿ ಒಂದು ವಿಚಾರ ಹೇಳಿದ್ಲು. 1994ರಲ್ಲಿ ಹ್ಯಾಂಬರ್ಗ್ ಊರಲ್ಲಿ ಶುರುವಾಗಿದ್ದಂತೆ, ಹೆಸರೇ ಫಿಫ್ಟಿ ಫಿಫ್ಟಿ, ಶಾಲೆ ಎಷ್ಟು ದುಡ್ಡು ಉಳಿಸುತ್ತೋ ಅದರಲ್ಲಿ ಅರ್ಧ ಶಾಲೆಗೇ ವಾಪಸ್. ಆ ಟೀಮಲ್ಲಿ ಮಕ್ಕಳು, ಮೇಷ್ಟ್ರ ಜೊತೆ ಅಲ್ಲಿನ ಕೇರ್‌ಟೇಕರ್‌ನೂ ಕೂರಿಸ್ಕೋತಾರಂತೆ, ಹೀಟರು ಎಲ್ಲಿ ತಿರುಗಿಸ್ಬೇಕು, ಯಾವ ಕಿಟಕಿ ಮುಚ್ಚಲ್ಲ ಅಂತ ಗೊತ್ತಿರೋನು ಅವ್ನೇ ಅಲ್ವಾ. ಕುರ್ಚಿ ಕೊಟ್ಟು ಕೂರಿಸ್ತಾರಾ ಅಂತ ಎರಡು ಸಲ ಕೇಳ್ದೆ, ಹೂಂ ಮಾವ ಅಂದ್ಲು. ನಿಮ್ ಸೆಕ್ರೆಟರಿಗೆ ಇದನ್ನ ಹೇಳೋಕೆ ಹೋಗ್ಬೇಡ ಮತ್ತೆ, ನಂಗೆ ಕೇಳಿ ಖುಷಿಯಾಯ್ತು ಅಂತ ಬರ್ದೆ ಅಷ್ಟೇ.

ಆ ಹುಡುಗನ್ನ ಆಮೇಲೆ ನಾನು ನೋಡೇ ಇಲ್ಲ. ಯಾವೂರಲ್ಲಿದಾನೋ, ಮದುವೆ ಮಕ್ಕಳು ಆಗಿರ್ತಾವೆ. ನಿನ್ ಮೆಸೇಜ್ ಓದುವಾಗ ಅವ್ನ ಮುಖನೇ ಬಂತು ಕಣ್ಮುಂದೆ.

ನೀನು ಕೊನೇಲಿ ಬರ್ದಿದೀಯ, ರಾತ್ರಿ ಡ್ಯೂಟಿಲಿ ರೂಮಲ್ಲೇ ಕಾಯಿಲ್ ಇಟ್ಟು ಟೀ ಮಾಡ್ಕೊಂಡು ಕುಡೀತಾ ಟೈಪ್ ಮಾಡ್ತಿದೀನಿ ಅಂತ. ಆ ಕಾಯಿಲ್ ನಾಳೆನೇ ಮನೆಗೆ ತಗೊಂಡ್ಹೋಗು. ಒಂದು ಒಳ್ಳೆ ಫ್ಲಾಸ್ಕ್ ತಗೋ, ದುಡ್ಡು ನಾನು ಫೋನ್‌ಪೇ ಮಾಡ್ತೀನಿ.

ನಿನ್ ಮಾವ