ಶನಿವಾರ ಬೆಳಿಗ್ಗೆ ಬೆಂಗಳೂರಿನ ಸೌತ್ ಎಂಡ್ ಸರ್ಕಲ್‌ಗೆ ಬನ್ನಿ, ಅಳತೆ ಟೇಪ್ ತನ್ನಿ

ಎಲ್ಲರಿಗೂ ನಮಸ್ಕಾರ.

ನಡೆಯೋರಿಗೆ, ಸೈಕಲ್‌ನವರಿಗೆ ಅನುಕೂಲ ಆಗೋ ಹಾಗೆ ಸರ್ಕಲ್ ಸರಿಪಡಿಸಿ ಅಂತ ಅರ್ಜಿ ಕೊಡೋಣ ಅಂದಿದ್ವಿ ಅಲ್ವಾ? ಅದಕ್ಕೆ ಅಳತೆ ಬೇಕು. ಈ ಶನಿವಾರ 8.30ಕ್ಕೆ ಮೆಟ್ರೊ ಮೆಟ್ಟಿಲ ಹತ್ತಿರ ಸೇರೋಣ. ಭಾನುವಾರ ಬೇಡ ಅಂದಿದ್ದು ನಾನೇ. ಖಾಲಿ ರಸ್ತೆ ನೋಡಿ ಏನು ಪ್ರಯೋಜನ?

ಮೊದಲು ಫುಟ್‌ಪಾತ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂದರೆ ರಸ್ತೆ ಎಂಜಿನಿಯರುಗಳ ಸಂಸ್ಥೆ. ಅದರ ಮಾರ್ಗಸೂಚಿ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್ ಜಾಗ ಬಿಡಬೇಕು, ಅಂಚಿನ ಎತ್ತರ 150 ಮಿ.ಮೀ. ದಾಟಬಾರದು. ಕಂಬ, ನಿಲ್ಲಿಸಿದ ಬೈಕ್ ಬಿಟ್ಟು ಉಳಿದದ್ದನ್ನಷ್ಟೇ ಅಳೆಯಿರಿ.

ಆಮೇಲೆ ದಾಟುವ ಸಮಯ. ಸಿಗ್ನಲ್ ಸಮಯದ ಲೆಕ್ಕದಲ್ಲಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಹಿಡಿಯುತ್ತಾರೆ. ಅಂದರೆ 18 ಮೀಟರ್ ರಸ್ತೆಗೆ 15 ಸೆಕೆಂಡ್. ಹೋದ ವಾರ ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಒಂದು ಕಾಲು ಕೆಳಗಿಟ್ಟು ಮೂರು ಸಲ ಹಿಂದೆ ಸರಿದರು. ಕೊನೆಗೆ ಒಬ್ಬ ಆಟೊದವರು ಅಡ್ಡ ನಿಲ್ಲಿಸಿ ದಾಟಿಸಿದರು. ಆ ಲೆಕ್ಕ ಅಜ್ಜಿಗೆ ಹೊಂದುತ್ತಾ, ನೀವೇ ನೋಡಿ.

ಮೂಲೆಗಳ ಫೋಟೊ ಮರೀಬೇಡಿ. ಎಡ ತಿರುವು ಅಗಲವಾಗಿ ಬಾಗಿದ್ದರೆ ಗಾಡಿಗಳು ವೇಗ ಇಳಿಸೋದೇ ಇಲ್ಲ. ಮೂಲೆಯ ಬಾಗು ಚಿಕ್ಕದು ಮಾಡಿದರೆ ದಾಟುವ ದೂರವೂ ಕಮ್ಮಿಯಾಗುತ್ತೆ. ನನಗೆ ಇದೇ ಮುಖ್ಯ ಬೇಡಿಕೆ. ದಾಟುವವರು ರಸ್ತೆ ನಡುವೆ ನಿಲ್ಲೋಕೆ ಕಟ್ಟೆ, ಸೈಕಲ್‌ನವರಿಗೆ ಸಿಗ್ನಲ್ ಮುಂದೆ ಜಾಗ, ಇವನ್ನೂ ಅರ್ಜಿಗೆ ಸೇರಿಸೋಣ.

ಸೈಕಲ್ ಇರುವವರು ಸೈಕಲ್‌ನಲ್ಲೇ ಬನ್ನಿ. ಮಕ್ಕಳನ್ನು ಕರೆತಂದರೆ ಕೈ ಬಿಡಬೇಡಿ, ಮತ್ತೆ ಯಾರೂ ರಸ್ತೆ ಮಧ್ಯೆ ನಿಂತು ಅಳೆಯೋದು ಬೇಡ.

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ಸುಮ್ನೆ ಹೆಬ್ಬೆಟ್ಟಿನ ಇಮೋಜಿ ಒತ್ತಿದರೆ ಲೆಕ್ಕಕ್ಕಿಲ್ಲ!