ಬೆಕ್ಕಿನ ಮುಖಕ್ಕೆ ನೀರು ಬೇಡ, ಕೆರೆಯಲು ಸರಿಯಾದ ಕಂಬ ಕೊಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಮನೆಯನ್ನು ಚೆನ್ನಾಗಿ ಇಟ್ಟುಕೊಳ್ಳುವ ಬಗ್ಗೆ ಒಂದು ಬರಹ ಬಂದಿತ್ತು. ಅದರಲ್ಲಿ ಬೆಕ್ಕಿನ ಮಾತು ಎರಡೇ ಸಾಲು. ಬೆಕ್ಕು ಸೋಫಾ ಕೆರೆದರೆ ಮುಖಕ್ಕೆ ನೀರು ಚಿಮುಕಿಸಿ, ಅಂಗಡಿಯಲ್ಲಿ ಸಿಗುವ ಕೆರೆಯುವ ಕಂಬ ತಂದು ಬಾಲ್ಕನಿಯಲ್ಲಿ ಇಡಿ, ಅಭ್ಯಾಸ ಬಿಡುತ್ತದೆ ಎಂದು ಬರೆದಿದ್ದರು. ಬಿಡುವುದಿಲ್ಲ. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಆ ಎರಡು ಸಾಲು ನಂಬಿ ದುಡ್ಡು ಹಾಕಿದವರು ಕೊನೆಗೆ ಬೆಕ್ಕಿನ ಮೇಲೆ ಸಿಟ್ಟಾಗುತ್ತಾರೆ. ಅದಕ್ಕೇ ಈ ಪತ್ರ.

ನಾನು ಟೈಲರ್. ರಾಜಾಜಿನಗರದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಹಾಲ್‌ನ ಒಂದು ಮೂಲೆಯಲ್ಲಿ ಹೊಲಿಗೆ ಮಷಿನ್, ಇನ್ನೊಂದು ಕಡೆ ಸೋಫಾ. ಮನೆಯಲ್ಲಿ ಎರಡು ಬೆಕ್ಕು. ಕೆಂಚನಿಗೆ 4 ವರ್ಷ, ಬೂದಿಗೆ 12. ಇಬ್ಬರೂ ಮನೆಯ ಒಳಗೇ ಇರುವವರು. ಇವರಿಗಿಂತ ಮೊದಲು ಇದ್ದ ಚುಕ್ಕಿ ಗಾಡಿಗೆ ಸಿಕ್ಕಿ ಹೋದಳು. ಆಮೇಲೆ ಕಿಟಕಿಗಳಿಗೆಲ್ಲ ಜಾಲರಿ ಹಾಕಿಸಿದೆ. ಬೆಕ್ಕನ್ನು ಒಳಗೆ ಇಟ್ಟುಕೊಂಡ ಮೇಲೆ ಮರವನ್ನೂ ಒಳಗೆ ತರಬೇಕಲ್ವಾ? ಅದು ನನಗೆ ತಡವಾಗಿ ಗೊತ್ತಾಯಿತು.

ತುಮಕೂರು ಜಿಲ್ಲೆಯ ನಮ್ಮ ಊರಿನ ಮನೆಯಲ್ಲಿ ಬೆಕ್ಕು ಹಿತ್ತಿಲ ಹುಣಸೆಮರ ಕೆರೆಯುತ್ತಿತ್ತು. ಮಳೆ ಬಂದರೆ ಪಡಸಾಲೆಯ ಕಂಬ. ಯಾರೂ ಬೈದದ್ದು ನೆನಪಿಲ್ಲ. ಆ ಮರ ಅಲ್ಲಾಡುತ್ತಿರಲಿಲ್ಲ. ಬೆಕ್ಕು ಎಷ್ಟು ಮೈ ಚಾಚಿದರೂ ಮರ ಇನ್ನೂ ಮೇಲಕ್ಕೆ ಇರುತ್ತಿತ್ತು. ತೊಗಟೆ ಉಗುರಿಗೆ ಸಿಗುತ್ತಿತ್ತು. ಮರ ಇದ್ದದ್ದೂ ಜನ ಓಡಾಡುವ ದಾರಿಯಲ್ಲೇ. ಬೆಕ್ಕು ಕೇಳುವುದು ಇಷ್ಟೇ. ಅಂಗಡಿಯ ಕಂಬದಲ್ಲಿ ಇದರಲ್ಲಿ ಒಂದೂ ಇರಲಿಲ್ಲ.

ಉಗುರು ಮಸೆಯುತ್ತದೆ ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ಅಲ್ಲಿ ನಡೆಯುವುದು ಜಾಸ್ತಿ. ಉಗುರಿನ ಮೇಲಿನ ಹಳೆಯ ಸಿಪ್ಪೆ ಕಳಚಿ ಒಳಗಿನ ಹೊಸ ಉಗುರು ಹೊರಗೆ ಬರುತ್ತದೆ. ಕಸ ಗುಡಿಸುವಾಗ ಉಗುರಿನ ಆಕಾರದ ಟೊಳ್ಳು ಸಿಪ್ಪೆ ಸಿಕ್ಕಿದರೆ ಹೆದರಬೇಡಿ, ಉಗುರು ಕಿತ್ತು ಬಂದಿಲ್ಲ. ಎರಡನೆಯದು ಮೈಮುರಿಯುವುದು. ನಿದ್ದೆಯಿಂದ ಎದ್ದ ಬೆಕ್ಕು ಮುಂಗಾಲನ್ನು ಎತ್ತರಕ್ಕೆ ಊರಿ, ಉಗುರು ನೆಟ್ಟು, ಇಡೀ ಬೆನ್ನನ್ನು ಕೆಳಕ್ಕೆ ಎಳೆಯುತ್ತದೆ. ಮೂರನೆಯದು ಗುರುತು ಹಾಕುವುದು. ಬೆಕ್ಕಿನ ಪಾದದಲ್ಲಿ ವಾಸನೆಯ ಗ್ರಂಥಿಗಳಿವೆ. ಕೆರೆದ ಜಾಗದಲ್ಲಿ ಗೀರೂ ಉಳಿಯುತ್ತದೆ, ನಮ್ಮ ಮೂಗಿಗೆ ತಿಳಿಯದ ವಾಸನೆಯೂ ಉಳಿಯುತ್ತದೆ. ಇದು ನನ್ನ ಜಾಗ ಎಂದು ಹೇಳುವ ರೀತಿ ಅದು. ಇದನ್ನೆಲ್ಲ ನೀರು ಚಿಮುಕಿಸಿ ನಿಲ್ಲಿಸಲು ಆಗುವುದಿಲ್ಲ. ನಾನು ಬಟ್ಟೆಗೆ ನೀರು ಹಾಕುವ ಬಾಟಲಿಯಿಂದಲೇ ಚಿಮುಕಿಸಿದ್ದೆ. ಕೆಂಚ ನನ್ನನ್ನು ಕಂಡರೆ ಮಂಚದ ಕೆಳಗೆ ಹೋಗತೊಡಗಿದ. ಸೋಫಾವನ್ನು ರಾತ್ರಿ, ನಾನು ಮಲಗಿದ ಮೇಲೆ ಕೆರೆದ. ಆ ಹದಿನೈದು ದಿನ ಅವನು ನನ್ನ ಮಡಿಲಿಗೆ ಬರಲಿಲ್ಲ. ಅದು ನನಗೆ ಈಗಲೂ ನೋವು.

ಮೊದಲು ತಂದ ಕಂಬಕ್ಕೆ 1,450 ರೂಪಾಯಿ ಕೊಟ್ಟೆ. ನನ್ನ ಟೇಪಿನಲ್ಲಿ ಅಳೆದರೆ 18 ಇಂಚು ಎತ್ತರ. ಗುಲಾಬಿ ಬಣ್ಣದ ಮೆತ್ತನೆ ತುಪ್ಪಳದ ಬಟ್ಟೆ, ಮೇಲೆ ಒಂದು ಚೆಂಡು. ಒಳಗೆ ರಟ್ಟಿನ ಕೊಳವೆ. ಕೆಂಚ ಮೊದಲ ದಿನ ಮುಂಗಾಲು ಇಟ್ಟು ಎಳೆದ. ಕಂಬ ಅವನ ಮೇಲೇ ಬಿತ್ತು. ಆಮೇಲೆ ಅದರ ಹತ್ತಿರವೂ ಸುಳಿಯಲಿಲ್ಲ. ಆ ಕಂಬ ಮಾಡಿದವರು ಕೊಳ್ಳುವವರ ಕಣ್ಣನ್ನು ನೆನೆದು ಮಾಡಿದ್ದರು, ಬೆಕ್ಕಿನ ಮೈಯನ್ನು ನೆನೆದಿರಲಿಲ್ಲ. ಎರಡನೆಯದಾಗಿ ಬಾಗಿಲ ಹಿಡಿಗೆ ನೇತು ಹಾಕುವ ಚಾಪೆ ತಂದೆ. ಎಳೆದರೆ ಅದು ಜೋಲಾಡುತ್ತದೆ. ಅದೂ ಮೂಲೆಗೆ ಹೋಯಿತು.

ಆಗ ನಾನು ಸೋಫಾವನ್ನೇ ಸರಿಯಾಗಿ ನೋಡಿದೆ. ನನ್ನ ಕೆಲಸವೇ ಬಟ್ಟೆ. ಅದು ದಪ್ಪ ನೂಲಿನ ಸಡಿಲ ನೇಯ್ಗೆ. ಉಗುರು ಒಳಗೆ ಇಳಿಯುತ್ತದೆ, ನೂಲು ತಡೆಯುತ್ತದೆ, ಎಳೆದಾಗ ಪರ್ ಅಂತ ಬಿಡುತ್ತದೆ. ಬೆಕ್ಕಿಗೆ ಬೇಕಾದದ್ದು ಆ ಹಿಡಿತ. ತುಪ್ಪಳದಲ್ಲಿ ಉಗುರು ಜಾರುತ್ತದೆ. ಹೊಸ ಸೋಫಾ ಕೊಳ್ಳುವವರಿಗೂ ಒಂದು ಮಾತು ಹೇಳುತ್ತೇನೆ. ಒತ್ತಾಗಿ ನೇಯ್ದ, ಕುಣಿಕೆ ಇಲ್ಲದ ಬಟ್ಟೆ ಆರಿಸಿ. ವೆಲ್ವೆಟ್‌ನಂಥದ್ದರಲ್ಲಿ ಉಗುರಿಗೆ ಅಷ್ಟು ಹಿಡಿತ ಸಿಗುವುದಿಲ್ಲ. ಅಂಗಡಿಯಲ್ಲೇ ನಿಮ್ಮ ಬೆರಳಿನ ಉಗುರಿಂದ ಗೀಚಿ ನೋಡಿ, ನೂಲು ಎದ್ದು ಬಂದರೆ ಆ ಬಟ್ಟೆ ಬೇಡ. ಇನ್ನೊಂದು ನೋಡಿದೆ. ಕೆಂಚ ಕೆರೆದದ್ದು ಬಾಗಿಲ ಕಡೆಯ ಕೈಯನ್ನು ಮಾತ್ರ. ಎಲ್ಲರೂ ಒಳಗೆ ಬರುವ ಜಾಗ ಅದು. ಕಂಬವನ್ನು ನಾನು ಇಟ್ಟಿದ್ದು ಬಾಲ್ಕನಿಯಲ್ಲಿ, ಬಟ್ಟೆ ಒಗೆಯುವ ಮಷಿನ್ ಪಕ್ಕ. ಯಾರೂ ಹೋಗದ ಕಡೆ ಅವನು ಯಾಕೆ ಗುರುತು ಹಾಕುತ್ತಾನೆ?

ಜಾಕೀಟಿಗೆ ಅಳತೆ ತೆಗೆದ ಹಾಗೆ ಕೆಂಚನ ಅಳತೆ ತೆಗೆದೆ. ಗೋಡೆಯ ಹತ್ತಿರ ಒಣಮೀನಿನ ಚೂರು ಮೇಲಕ್ಕೆ ಹಿಡಿದೆ. ಹಿಂಗಾಲ ಮೇಲೆ ನಿಂತು ಪೂರ್ತಿ ಚಾಚಿದ. ಪಾದ ತಾಗಿದ ಕಡೆ ಹೊಲಿಗೆಯ ಸೀಮೆಸುಣ್ಣದಿಂದ ಗೆರೆ ಎಳೆದೆ. 29 ಇಂಚು. ಅದರ ಮೇಲೆ ಇನ್ನೊಂದು 7 ಇಂಚು ಬಿಟ್ಟು, 36 ಇಂಚು ಇರಲಿ ಅಂದುಕೊಂಡೆ. ಆಮೇಲೆ ಮಗಳು 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯನ್ನು ಓದಿ ಹೇಳಿದಳು. ಬೇರೆ ಬೇರೆ ದೇಶಗಳಲ್ಲಿ ಬೆಕ್ಕು ಸಾಕಿದ 4,000ಕ್ಕೂ ಜಾಸ್ತಿ ಜನ ಉತ್ತರ ಕೊಟ್ಟಿದ್ದರಂತೆ. ನೆಟ್ಟಗೆ ನಿಲ್ಲುವ, ಕಡಿಮೆ ಅಂದರೂ 3 ಅಡಿ ಎತ್ತರದ ಕಂಬವನ್ನು ಬೆಕ್ಕುಗಳು ಹೆಚ್ಚು ಬಳಸುತ್ತವೆ, ಸುತ್ತಿದ್ದು ಹಗ್ಗವಾದರೆ ಇನ್ನೂ ಒಳ್ಳೆಯದು ಎಂದು ಅದರಲ್ಲಿ ಬಂದಿದೆ. ನನ್ನ ಸೀಮೆಸುಣ್ಣದ ಗೆರೆಯೂ ಅದನ್ನೇ ಹೇಳಿತ್ತು.

ಈಗ ಹಗ್ಗದ ಮಾತು. ಅಂಗಡಿಯವರು ಸೈಸಲ್ ಸೈಸಲ್ ಅನ್ನುತ್ತಾರೆ, ಪರದೇಶದ ಮಾಲು ಅಂತ ಬೆಲೆಯನ್ನೂ ಏರಿಸುತ್ತಾರೆ. ಅದು ಕತ್ತಾಳೆ ನಾರು. ಮೆಕ್ಸಿಕೋದ ಸಿಸಲ್ ಎಂಬ ಬಂದರಿನಿಂದ ಹಡಗು ಏರುತ್ತಿದ್ದ ಕಾರಣ ಆ ಹೆಸರು ಬಂತು. ನಮ್ಮ ಅಜ್ಜ ಹೊಲದ ಬೇಲಿಯ ಕತ್ತಾಳೆ ಕಡಿದು, ನೀರಿನಲ್ಲಿ ಕೊಳೆಹಾಕಿ, ಬಡಿದು ನಾರು ತೆಗೆಯುತ್ತಿದ್ದರು. ಆ ಕೊಳೆತ ವಾಸನೆಗೆ ನಾವು ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಸಂಜೆ ಜಗಲಿಯಲ್ಲಿ ಕೂತು ತೊಡೆಯ ಮೇಲೆ ಹೊಸೆದು ದನದ ಕಣ್ಣಿ ಮಾಡುತ್ತಿದ್ದರು. ಕೆ.ಆರ್. ಮಾರ್ಕೆಟ್ ಹತ್ತಿರದ ಹಗ್ಗದ ಅಂಗಡಿಯಲ್ಲಿ ಆ ಬಿಳಿ ನಾರು ಕೈಗೆ ಸಿಕ್ಕಾಗ ಅಜ್ಜನ ಕೈಯೇ ನೆನಪಾಯಿತು. ತೆಂಗಿನ ನಾರಿನ ಹಗ್ಗವನ್ನೂ ಒಂದು ಮಾರು ತಂದು ನೋಡಿದ್ದೆ. ಅದು ಚುಚ್ಚುತ್ತದೆ, ನಾರು ಉದುರುತ್ತದೆ. ಕೆಂಚ ಒಂದು ಸಲ ಮುಟ್ಟಿ ಬಿಟ್ಟ. ನೈಲಾನ್ ಹಗ್ಗವಂತೂ ಬೇಡವೇ ಬೇಡ, ಜಾರುತ್ತದೆ.

ನಮ್ಮ ರಸ್ತೆಯ ಬಡಗಿ ಒಂದು ಸಂಜೆಯಲ್ಲಿ ಕಂಬ ಮಾಡಿಕೊಟ್ಟರು. ಕಟ್ಟಡಕ್ಕೆ ಬಳಸುವ ಸರ್ವೆ ಮರದ ದುಂಡು, 4 ಇಂಚು ದಪ್ಪ, 36 ಇಂಚು ಎತ್ತರ. ಕೆಳಗೆ 18 ಇಂಚು ಚೌಕದ ದಪ್ಪ ಪ್ಲೈವುಡ್. ಕೆಳಗಿನಿಂದ ಉದ್ದನೆಯ ಸ್ಕ್ರೂ. ಆದರೂ ನನಗೆ ಸಮಾಧಾನ ಇರಲಿಲ್ಲ, ಉಳಿದಿದ್ದ ಕಡಪ ಕಲ್ಲಿನ ತುಂಡೊಂದನ್ನು ಪ್ಲೈವುಡ್‌ನ ಅಡಿಗೆ ಕೂರಿಸಿದರು. ಈಗ ನಾನು ಒರಗಿದರೂ ಅಲ್ಲಾಡುವುದಿಲ್ಲ. 10 ಎಂಎಂ ಹಗ್ಗ, ಸುಮಾರು 35 ಮೀಟರ್ ಬೇಕಾಯಿತು. ಸುತ್ತುವಾಗ ಸಂದು ಬಿಡಬಾರದು. ಮರಕ್ಕೆ ಗೋಂದು ಹಚ್ಚಿ, ಎರಡು ಕೊನೆಗೆ ಮಾತ್ರ ಮೊಳೆ ಹೊಡೆದು, ತಲೆ ಮೇಲೆ ಏಳದ ಹಾಗೆ ಒಳಗೆ ಇಳಿಸಿದೆವು. ಗೋಂದು ಒಣಗಿ ವಾಸನೆ ಹೋಗುವ ತನಕ ಎರಡು ದಿನ ಬಿಸಿಲಿಗೆ ಇಟ್ಟೆ. ಎಲ್ಲ ಸೇರಿ ಖರ್ಚು 1,200 ರೂಪಾಯಿ. ಬೀಳುವ ಗುಲಾಬಿ ಕಂಬಕ್ಕಿಂತ ಕಡಿಮೆ.

ಈ ಸಲ ಕಂಬವನ್ನು ಸೋಫಾದ ಹಾಳಾದ ಕೈಗೆ ಅಂಟಿಸಿದ ಹಾಗೆ, ಬಾಗಿಲ ಎದುರಿಗೇ ನಿಲ್ಲಿಸಿದೆ. ಸೋಫಾದ ಕೈಗೆ ಎರಡೂ ಕಡೆ ಅಂಟುವ ಅಗಲದ ಟೇಪ್ ಹಚ್ಚಿದೆ. ಪಾದಕ್ಕೆ ಅಂಟು ತಾಗುವುದು ಬೆಕ್ಕಿಗೆ ಹಿಡಿಸುವುದಿಲ್ಲ. ಕೆಂಚನ ಕಾಲು ಹಿಡಿದು ಹಗ್ಗಕ್ಕೆ ಉಜ್ಜಲು ಹೋಗಲಿಲ್ಲ. ಹಾಗೆ ಮಾಡಿದರೆ ಕೆಲವು ಬೆಕ್ಕು ಆ ವಸ್ತುವನ್ನೇ ದ್ವೇಷಿಸುತ್ತವೆ. ಪಕ್ಕದ ಮನೆಯ ತಮಿಳು ಅಜ್ಜಿ ರಸ್ತೆ ಬದಿಯಿಂದ ಕುಪ್ಪಿಗಿಡ ಕಿತ್ತು ತಂದುಕೊಟ್ಟರು. ಅವರ ಭಾಷೆಯಲ್ಲಿ ಆ ಗಿಡಕ್ಕೆ ಬೆಕ್ಕು ಕೈಮುಗಿಯುವ ಗಿಡ ಎಂಬ ಅರ್ಥದ ಹೆಸರೂ ಇದೆಯಂತೆ. ಅದರ ಬೇರಿನ ವಾಸನೆಗೆ ಬೆಕ್ಕು ಮರುಳಾಗುತ್ತದೆ. ಬೇರನ್ನು ತೊಳೆದು, ಜಜ್ಜಿ, ಹಗ್ಗಕ್ಕೆ ತಿಕ್ಕಿ, ಉಳಿದದ್ದನ್ನು ತಿನ್ನಲು ಸಿಗದ ಹಾಗೆ ಎಸೆದೆ. ಕೆಂಚ ಕೆನ್ನೆ ಉಜ್ಜಿದ, ಹೊರಳಾಡಿದ. ಮಾರನೆಯ ಬೆಳಿಗ್ಗೆ ನಿದ್ದೆಯಿಂದ ಎದ್ದು ಬಂದು ಪೂರ್ತಿ ಉದ್ದ ಚಾಚಿ ಕೆರೆದ. ಆ ಕ್ಷಣವೇ ಮೀನಿನ ಚೂರು ಕೊಟ್ಟೆ. ಮೂರು ವಾರ ಹೀಗೇ ನಡೆಯಿತು. ಟೇಪ್ ತೆಗೆದ ಮೇಲೂ ಅವನು ಸೋಫಾಕ್ಕೆ ಉಗುರು ಹಾಕಿಲ್ಲ. ಕಂಬ ಹಾಲ್‌ನ ನಡುವೆ ಕಾಣುತ್ತದೆ, ಬಂದವರು ಇದೇನು ಅಂತ ಕೇಳುತ್ತಾರೆ. ಕೇಳಲಿ.

ಬೂದಿ ಬೇರೆ ಥರ. ವಯಸ್ಸಾಗಿದೆ, ಮೇಲಕ್ಕೆ ಚಾಚುವುದು ಅವಳಿಗೆ ಕಷ್ಟ. ಅವಳು ಮೊದಲಿಂದಲೂ ನೆಲದ ಮೇಲಿನ ಚಾಪೆ ಕೆರೆಯುವವಳು. ಹಾಗಾಗಿ ಅವಳಿಗೆ ಕಂಬ ಬೇಡ. ಪಾರ್ಸೆಲ್ ಬರುವ ಅಲೆಅಲೆ ರಟ್ಟನ್ನು 3 ಇಂಚಿನ ಪಟ್ಟಿಗಳಾಗಿ ಕತ್ತರಿಸಿ, ಅಂಚು ಮೇಲೆ ಬರುವ ಹಾಗೆ ಒತ್ತಾಗಿ ಜೋಡಿಸಿ, ಸುತ್ತ ಗೋಣಿಪಟ್ಟಿ ಹೊಲಿದು ಅವಳು ಮಲಗುವ ಜಾಗದ ಪಕ್ಕ ಇಟ್ಟಿದ್ದೇನೆ. ಖರ್ಚಿಲ್ಲ. ನಿಮ್ಮ ಬೆಕ್ಕು ಸೋಫಾದ ಕೈ ಕೆರೆಯುತ್ತದೋ ನೆಲದ ಚಾಪೆಯನ್ನೋ ಮೊದಲು ನೋಡಿ, ಆಮೇಲೆ ದುಡ್ಡು ತೆಗೆಯಿರಿ.

ಹಗ್ಗ ಹರಿದು ಜೂಲಾಗಿ ಕಂಡರೆ ಎಸೆಯಬೇಡಿ. ಒಂದು ಸಲ ಹಬ್ಬಕ್ಕೆ ಚೆನ್ನಾಗಿ ಕಾಣಲಿ ಅಂತ ಎಲ್ಲ ಹೊಸದಾಗಿ ಸುತ್ತಿದೆ. ಕೆಂಚ ಒಂದು ವಾರ ಕಂಬದ ಕಡೆ ಬರಲಿಲ್ಲ. ಅವನ ಗೀರು, ಅವನ ವಾಸನೆ ಎಲ್ಲ ಹೋಗಿತ್ತು. ಈಗ ಒಂದು ಸಲಕ್ಕೆ ಅರ್ಧ ಮಾತ್ರ ಬದಲಿಸುತ್ತೇನೆ.

ಇದನ್ನೆಲ್ಲ ಇಷ್ಟು ಉದ್ದ ಬರೆಯಲು ಒಂದು ಕಾರಣ ಇದೆ. ನಾಲ್ಕು ಮನೆ ಆಚೆಯವರು ಸೋಫಾ ಹಾಳಾಯಿತು ಅಂತ ತಮ್ಮ ಬಿಳಿ ಬೆಕ್ಕನ್ನು ಚೀಲದಲ್ಲಿ ಹಾಕಿ ಮಾರ್ಕೆಟ್ ಹತ್ತಿರ ಬಿಟ್ಟುಬಂದರು. ಮೂರು ವರ್ಷ ಮನೆಯೊಳಗೇ ಬೆಳೆದ ಬೆಕ್ಕು. ನಾವು ಹುಡುಕಿದೆವು, ಸಿಗಲಿಲ್ಲ. ನನಗೂ ಒಬ್ಬರು, ಉಗುರು ತೆಗೆಸಿಬಿಡಿ, ಒಂದೇ ಸಲಕ್ಕೆ ಮುಗಿಯುತ್ತದೆ ಎಂದು ಸಲಹೆ ಕೊಟ್ಟಿದ್ದರು. ಉಗುರು ತೆಗೆಯುವುದು ಅಂದರೆ ಉಗುರು ಕತ್ತರಿಸುವುದಲ್ಲ. ಉಗುರು ಬೆಳೆಯುವುದು ಬೆರಳಿನ ಕೊನೆಯ ಮೂಳೆಯಿಂದ. ಆ ಮೂಳೆಯನ್ನೇ ಕಡಿಯುತ್ತಾರೆ. ನಮ್ಮ ಹತ್ತು ಬೆರಳನ್ನೂ ಕೊನೆಯ ಗೆಣ್ಣಿನಲ್ಲಿ ಕಡಿದ ಹಾಗೆ. ಬೆಕ್ಕು ಬದುಕಿಡೀ ನೋವು ತಿನ್ನಬಹುದು. ಅಮೆರಿಕದ ನ್ಯೂಯಾರ್ಕ್ ರಾಜ್ಯ ಇದನ್ನು 2019ರಲ್ಲಿ ನಿಷೇಧಿಸಿತು. ನಮ್ಮಲ್ಲೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿಯ ಅಂಗ ಊನ ಮಾಡುವುದು ಅಪರಾಧ. ಉಗುರಿನ ಚೂಪು ತುದಿಯನ್ನು ಮಾತ್ರ ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿದರೆ ಸಾಕು. ಒಳಗೆ ಗುಲಾಬಿ ಬಣ್ಣದಲ್ಲಿ ಕಾಣುವ ಜೀವದ ಭಾಗಕ್ಕೆ ತಾಗಬಾರದು. ನಾನು ಕೆಂಚ ಮಲಗಿ ತೂಕಡಿಸುವಾಗ ದಿನಕ್ಕೆ ಒಂದೇ ಪಾದ ಮಾಡುತ್ತೇನೆ.

ಬೆಕ್ಕಿನ ಸಾಮಾನು ಮಾರುವವರಲ್ಲಿ ನನ್ನದೊಂದು ಬೇಡಿಕೆ. ಪೆಟ್ಟಿಗೆಯ ಮೇಲೆ ಮುದ್ದು ಬೆಕ್ಕಿನ ಚಿತ್ರದ ಜೊತೆ ಕಂಬದ ಎತ್ತರ, ಬುಡದ ಅಗಲ, ತೂಕ ದಪ್ಪ ಅಕ್ಷರದಲ್ಲಿ ಹಾಕಿ. ಅಂಗಡಿಯಲ್ಲಿ ಒಂದನ್ನು ಬಿಚ್ಚಿ ಇಟ್ಟು, ಕೊಳ್ಳುವವರು ಕೈಯಿಂದ ಜಗ್ಗಿ ನೋಡಲು ಬಿಡಿ. ಊರ ಬಡಗಿಗಳೂ ಹಗ್ಗ ಹೊಸೆಯುವವರೂ ಇದನ್ನು ಮಾಡಬಹುದು. ನಮ್ಮ ಬಡಗಿ ಆಗಲೇ ಇನ್ನೆರಡು ಮನೆಗೆ ಮಾಡಿಕೊಟ್ಟಿದ್ದಾರೆ.

ನಿಮ್ಮಲ್ಲಿ ಕೇಳುವುದು, ಮುಂದಿನ ಭಾನುವಾರದ ಪುರವಣಿಯಲ್ಲಿ ಆ ನೀರು ಚಿಮುಕಿಸುವ ಸಾಲನ್ನು ದಯವಿಟ್ಟು ತಿದ್ದಿ. ಜಾಗ ಕಡಿಮೆ ಇದ್ದರೆ ನನ್ನ ಪತ್ರ ಪೂರ್ತಿ ಹಾಕುವುದು ಬೇಡ. 36 ಇಂಚು ಎತ್ತರ, ಅಲ್ಲಾಡದ ಬುಡ, ಕತ್ತಾಳೆ ಹಗ್ಗ, ಹಾಲ್‌ನ ಬಾಗಿಲ ಹತ್ತಿರ. ಅಷ್ಟನ್ನಾದರೂ ಹಾಕಿ.

ಇಂತಿ,
ನಿಮ್ಮ ಓದುಗಿ, ಒಬ್ಬ ಟೈಲರ್
ರಾಜಾಜಿನಗರ, ಬೆಂಗಳೂರು